ಬೆಟ್ಟ ಅಗೆದು ಬಾವುಟ ಹಿಡಿದ ಕತೆ

ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡು ನಕ್ಕ ನಮ್ಮ ಹಿರಿಯರು ಉತ್ತರಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಸಮೂಹದ ಪಿರಮಿಡೆನ್ ಎಂಬ ಊರನ್ನು ಕಂಡಿರಲಿಲ್ಲ. ಕಂಡಿದ್ದರೆ ಇಲಿಯ ಬಗ್ಗೆ ಇನ್ನಷ್ಟು ಗೌರವದಿಂದ ಮಾತನಾಡುತ್ತಿದ್ದರು. ಇಲ್ಲಿ ದಶಕಗಟ್ಟಲೆ ಬೆಟ್ಟ ಅಗೆದವರ ಕೈಗೆ ಸಿಕ್ಕಿದ್ದು ಮುಖ್ಯವಾಗಿ ಒಂದು ಬಾವುಟ.

1910ರಲ್ಲಿ ಸ್ವೀಡನ್ನಿನವರು ಆರಂಭಿಸಿದ ಈ ಕಲ್ಲಿದ್ದಲು ಗಣಿಯನ್ನು 1927ರಲ್ಲಿ ಸೋವಿಯತ್ ಒಕ್ಕೂಟ ಕೊಂಡಿತು. ಮುಂದೆ ಅದು ಆರ್ಕ್ಟಿಕುಗೋಲ್ ಎಂಬ ಸರ್ಕಾರಿ ಟ್ರಸ್ಟಿನ ಪಾಲಾಯಿತು. 1920ರ ಸ್ವಾಲ್ಬಾರ್ಡ್ ಒಪ್ಪಂದದ ಪ್ರಕಾರ ದ್ವೀಪಗಳ ಒಡೆತನ ನಾರ್ವೆಯದಾದರೂ, ಸಹಿ ಹಾಕಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ಅಗೆಯಲು ಸಮಾನ ಹಕ್ಕಿತ್ತು. ಯುದ್ಧದ ಉದ್ದೇಶಕ್ಕೆ ಮಾತ್ರ ನೆಲವನ್ನು ಬಳಸುವಂತಿರಲಿಲ್ಲ. ಸೈನಿಕನನ್ನು ನಿಲ್ಲಿಸಲಾಗದ ಕಡೆ ಗಣಿ ಕಾರ್ಮಿಕನನ್ನು ನಿಲ್ಲಿಸಿದರಾಯಿತು ಎಂಬ ಜಾಣತನ ಹುಟ್ಟಿದ್ದು ಇಲ್ಲಿಯೇ. ಅಂದಹಾಗೆ, ಬ್ರಿಟಿಷರ ಕೃಪೆಯಿಂದ ಭಾರತವೂ ಆ ಒಪ್ಪಂದದಲ್ಲಿದೆ. ಪುಣ್ಯಕ್ಕೆ ನಾವು ಗುದ್ದಲಿ ಹಿಡಿದು ಹೋಗದೆ, 2008ರಲ್ಲಿ ನ್ಯೂ-ಒಲೆಸುಂಡ್‌ ಎಂಬ ಇನ್ನೊಂದು ಹಳೆಯ ಗಣಿ ಊರಿನಲ್ಲಿ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ತೆರೆದೆವು.

1980ರ ದಶಕದಲ್ಲಿ ಪಿರಮಿಡೆನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಅಲ್ಲಿನ ಅರ್ಥಶಾಸ್ತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಣಿಯಿಂದ ತೆಗೆದ ಕಲ್ಲಿದ್ದಲನ್ನು ಊರಿನ ವಿದ್ಯುತ್ ಸ್ಥಾವರದಲ್ಲಿ ಉರಿಸಬೇಕು. ಆ ಶಾಖದಿಂದ ಈಜುಕೊಳ, ಹಸು ಹಂದಿಗಳ ಕೊಟ್ಟಿಗೆ, ತರಕಾರಿಯ ಗಾಜಿನಮನೆ ಎಲ್ಲವೂ ಬೆಚ್ಚಗಿರಬೇಕು. ಅಲ್ಲಿಯ ಹಾಲನ್ನೂ ತರಕಾರಿಯನ್ನೂ ಉಂಡು ಕಾರ್ಮಿಕರು ಮರುದಿನ ಮತ್ತೆ ಕಲ್ಲಿದ್ದಲು ತೆಗೆಯಲು ಬೆಟ್ಟ ಹತ್ತಬೇಕು. ಗಣಿ ಲಾಭ ತರಲಿಲ್ಲ, ಸಹಾಯಧನ ನಿಲ್ಲಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಊರ ನಡುವಿನ ಹುಲ್ಲುಹಾಸಿಗೆ ಮಣ್ಣು ಕೂಡ ತಾಯ್ನಾಡಿನಿಂದ ಹಡಗೇರಿ ಬಂತು. ಸಂಸ್ಕೃತಿ ಭವನಕ್ಕೆ ಸೋವಿಯತ್ ತಯಾರಿಕೆಯ ‘ರೆಡ್ ಅಕ್ಟೋಬರ್’ ಪಿಯಾನೊ ಬಂತು. ಭವನದ ಎದುರು ಲೆನಿನ್ನರ ಪ್ರತಿಮೆ, ಊರಿಗೆ ಮುಖ ಮಾಡಿ, ಕೊಲ್ಲಿಯಾಚೆಯ ನೋರ್ಡೆನ್ಶೋಲ್ಡ್ ಹಿಮನದಿಯತ್ತ ದೃಷ್ಟಿ ನೆಟ್ಟು ನಿಂತಿತು. ಹಿಮನದಿ ಪಂಚವಾರ್ಷಿಕ ಯೋಜನೆಗೆ ಒಪ್ಪಿತೋ ಇಲ್ಲವೋ ಯಾರೂ ಕೇಳಲಿಲ್ಲ. ಊರ ಬಾಗಿಲಿನ ಫಲಕ ತನ್ನನ್ನು 79 ಡಿಗ್ರಿ ಎಂದು ಸಾರುತ್ತದೆ. ನಿಜವಾದ ಅಕ್ಷಾಂಶ ಅದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಗುರಿ ಮೀರಿದ ಸಾಧನೆಯನ್ನು ವರದಿ ಮಾಡುವ ಕೈಗೆ ಅಕ್ಷಾಂಶವೊಂದು ಲೆಕ್ಕವೇ?

1991ರಲ್ಲಿ ಒಕ್ಕೂಟವೇ ಮುಳುಗಿದ ಮೇಲೆ ಬಾವುಟಕ್ಕೆ ಬಾಡಿಗೆ ಕಟ್ಟುವವರು ಕಡಿಮೆಯಾದರು. 1996ರ ಆಗಸ್ಟಿನಲ್ಲಿ ಗಣಿ ಕಾರ್ಮಿಕರನ್ನೂ ಅವರ ಕುಟುಂಬಗಳನ್ನೂ ಹೊತ್ತು ಬರುತ್ತಿದ್ದ ವಿಮಾನ ದ್ವೀಪಗಳ ಮುಖ್ಯ ಊರಾದ ಲಾಂಗ್‌ಇಯರ್‌ಬಿಯೆನ್ ಬಳಿಯ ಬೆಟ್ಟಕ್ಕೆ ಅಪ್ಪಳಿಸಿ 141 ಜನ ಸತ್ತರು. ಇಡೀ ಕತೆಯಲ್ಲಿ ನಗುವಿಗೆ ಜಾಗವಿಲ್ಲದ ಪುಟ ಅದೊಂದೇ. 1998ರ ಮಾರ್ಚ್ 31ರಂದು ಕೊನೆಯ ಕಲ್ಲಿದ್ದಲು ಹೊರಬಂತು. ಬೇರೆಡೆ ಮೊದಲ ಟನ್ನಿಗೆ ಪೂಜೆ ಮಾಡುತ್ತಾರೆ. ಇಲ್ಲಿ ಕೊನೆಯ ಟನ್ನನ್ನು ಗಣಿಬಂಡಿಯಲ್ಲಿ ತುಂಬಿ ಸ್ಮಾರಕ ಮಾಡಿದರು.

ಈಗ ಅಲ್ಲಿ ಹೋಟೆಲೊಂದಿದೆ, ಬೇಸಿಗೆಯಲ್ಲಿ ದೋಣಿಯೇರಿ ಬರುವ ಪ್ರವಾಸಿಗರಿದ್ದಾರೆ. ಲಾಭ ತಾರದ ಗಣಿಯ ಅವಶೇಷ ನೋಡಲು ಜನ ದುಡ್ಡು ಕೊಡುವುದರಿಂದ, ಕಲ್ಲಿದ್ದಲಿಗಿಂತ ತುಕ್ಕೇ ಮೇಲೆಂದು ಟ್ರಸ್ಟಿಗೆ ತಡವಾಗಿ ಹೊಳೆದಂತಿದೆ. ಕಾರ್ಮಿಕರ ವಸತಿಯ ಕಿಟಕಿಕಟ್ಟೆಗಳಲ್ಲಿ ಕಡಲಹಕ್ಕಿಗಳು ಸಾಲುಸಾಲಾಗಿ ಗೂಡು ಕಟ್ಟಿ ಗಲಾಟೆ ಮಾಡುತ್ತವೆ. ಅವಕ್ಕೆ ಯಾರ ಬಾವುಟವೂ ಬೇಕಿಲ್ಲ. ಚಳಿಗಾಲ ಬಂದರೆ ಹಾರಿಹೋಗುತ್ತವೆ.