ಬೋಂಡಾ ದಾಟುತ್ತೆ, ಭೂಗೋಳ ದಾಟಲ್ಲ

ನಿನ್ನೆ ಅಕ್ಕನ ಮಗಳ ಡಿಗ್ರಿ ಅಡ್ಮಿಷನ್‌ಗೆ ಅಂತ ಬೆಳಿಗ್ಗೆ ಹೊರಟವಳು ಮನೆ ಸೇರಿದ್ದು ಸಂಜೆ ಐದಕ್ಕೆ. ತಲೆ ಇನ್ನೂ ಬಿಸಿ ಇದೆ. ಇಲ್ಲಿ ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹುಡುಗಿ ಪಿಯುಸಿಯಲ್ಲಿ ಆರ್ಟ್ಸ್ ಓದಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಡಿಗ್ರಿಯಲ್ಲಿ ಅರ್ಥಶಾಸ್ತ್ರದ ಜೊತೆ ಭೂಗೋಳ ಬೇಕಂತೆ. ವಜ್ರದ ಓಲೆಯನ್ನೇನೂ ಕೇಳಿಲ್ಲ ಪಾಪ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಎರಡು ಸರ್ಕಾರಿ ಕಾಲೇಜುಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಎಲ್ಲರದ್ದು, ಇನ್ನೊಂದು ಹೆಣ್ಣುಮಕ್ಕಳದ್ದು. ನಡುವೆ ಒಂದು ಕಾಂಪೌಂಡ್ ಗೋಡೆ. ಎದುರಿಗೆ ಒಂದು ಅನುದಾನಿತ ಕಾಲೇಜು, ಬಸ್ ಸ್ಟ್ಯಾಂಡ್ ಕಡೆಗೆ ಒಂದು ಖಾಸಗಿ. ನಾಲ್ಕರ ಗೇಟಿಗೂ ಫ್ಲೆಕ್ಸ್ ಇದೆ. ನಾಲ್ಕರಲ್ಲೂ ಮೊದಲು ಬಿಕಾಂ, ಆಮೇಲೆ ಬಿಬಿಎ, ಆಮೇಲೆ ಬಿಸಿಎ. ಒಂದೇ ಬೀದಿಯಲ್ಲಿ ನಾಲ್ಕು ದರ್ಶಿನಿ, ನಾಲ್ಕರಲ್ಲೂ ಬರೀ ಇಡ್ಲಿ ವಡೆ.

ಮಹಿಳಾ ಕಾಲೇಜಿನ ಕೌಂಟರ್‌ನಲ್ಲಿ ಕೇಳಿದೆ. "ಭೂಗೋಳ ಲಿಸ್ಟಲ್ಲಿ ಇದೆ ಮೇಡಂ, ಪಾಠ ಮಾಡೋರಿಲ್ಲ. ಗೆಸ್ಟ್ ಲೆಕ್ಚರರ್ ಕೌನ್ಸೆಲಿಂಗ್ ಆಗಲಿ, ಯಾರಾದ್ರೂ ಬಂದ್ರೆ ಬಂದ್ರು" ಅಂದರು. ಸರಿ, ಪಕ್ಕದ ಕಾಲೇಜಿಗೆ ಹೋದೆವು. ಅಲ್ಲಿ ಭೂಗೋಳಕ್ಕೆ ಕಾಯಂ ಉಪನ್ಯಾಸಕರೇ ಇದ್ದಾರೆ! ಆದರೆ ಕಾಂಬಿನೇಷನ್ ಮುಚ್ಚಿದೆ, ಮಕ್ಕಳು ಸಾಲಲಿಲ್ಲವಂತೆ. ಅಟೆಂಡರ್ ಬೀಗ ತೆಗೆದು ಲ್ಯಾಬ್ ತೋರಿಸಿದರು. ಸುತ್ತಿಟ್ಟ ನಕ್ಷೆಗಳ ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. ಮಳೆಮಾಪಕದೊಳಗೆ ಜೇಡ ಬಲೆ ಕಟ್ಟಿತ್ತು. "ಸರ್ ಎಲ್ಲಿ?" ಅಂದೆ. ಕಾರ್ಯಭಾರ ಇಲ್ಲ ಅಂತ ವಾರಕ್ಕೆ ಮೂರು ದಿನ ಬೇರೆ ತಾಲ್ಲೂಕಿಗೆ ನಿಯೋಜನೆಯಂತೆ. ಹೋಗ್ತಾ ನಲವತ್ತು ಕಿಲೋಮೀಟರ್, ಬರ್ತಾ ನಲವತ್ತು, ಕೆಂಪು ಬಸ್ಸಲ್ಲಿ.

ಆ ಕಾಂಪೌಂಡ್ ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಉದುರಿ ಸಂದಿ ಆಗಿದೆ. ಕ್ಯಾಂಟೀನ್ ಇರೋದು ಒಂದೇ ಕಡೆ. ಹಾಗಾಗಿ ಹುಡುಗಿಯರು ಆ ಸಂದಿಯಲ್ಲಿ ಕೈ ಚಾಚಿ ಪೇಪರ್ ಪೊಟ್ಟಣದಲ್ಲಿ ಬೋಂಡಾ ತಗೋತಾರೆ. ನಾನು ನಿಂತು ನೋಡಿದೆ. ಬೋಂಡಾ ದಾಟುತ್ತೆ, ಚಟ್ನಿನೂ ದಾಟುತ್ತೆ, ಭೂಗೋಳ ಮಾತ್ರ ದಾಟಲ್ಲ.

ಗೊತ್ತಿದ್ದವರಿಗೆ ಗೊತ್ತು, ನಾನೂ ನಾಲ್ಕು ವರ್ಷ ಅತಿಥಿ ಉಪನ್ಯಾಸಕಿ ಆಗಿದ್ದವಳೇ. ತಿಂಗಳಿಗೆ 13 ಸಾವಿರ, ಅದೂ ರಜೆಯ ತಿಂಗಳುಗಳನ್ನು ಕಳೆದು. ನಾನು ಬಿಟ್ಟ ಮೇಲೆ 2022ರ ಜನವರಿಯಲ್ಲಿ 26ರಿಂದ 32 ಸಾವಿರ ಮಾಡಿದರು, ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿದರು. ಒಬ್ಬರ ಗಂಟೆ ಹೆಚ್ಚಾದಾಗ ಇನ್ನೊಬ್ಬರ ಕೆಲಸ ಹೋಯಿತು, ಅದು ಬೇರೆ ಕಥೆ. ನನ್ನ ವಿಷಯ ಅರ್ಥಶಾಸ್ತ್ರ. ಆದರೂ ಸಂವಿಧಾನ, ಪರಿಸರ ಎಲ್ಲ ಪಾಠ ಮಾಡಿದ್ದೇನೆ. ರಾತ್ರಿ ಓದಿ, ಬೆಳಿಗ್ಗೆ ಒಪ್ಪಿಸುತ್ತಿದ್ದೆ.

ಗೋಡೆಯ ಎರಡೂ ಕಡೆಯ ಮಕ್ಕಳನ್ನು ಸೇರಿಸಿ ಒಂದೇ ಕಡೆ ಭೂಗೋಳ ಪಾಠ ಮಾಡಬಾರದಾ ಅಂತ ಕೇಳಿದೆ. "ಹೇಳೋದು ಸುಲಭ ಮೇಡಂ, ಹಾಜರಾತಿ ಬೇರೆ, ಟೈಮ್‌ಟೇಬಲ್ ಬೇರೆ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಬೇರೆ" ಅಂತ ಪರಿಚಯದ ಪ್ರಾಂಶುಪಾಲರೊಬ್ಬರು ಫೋನಲ್ಲಿ ಹೇಳಿದರು. ಇರಬಹುದು. ಆದರೆ ಮೇಷ್ಟ್ರನ್ನು ನಲವತ್ತು ಕಿಲೋಮೀಟರ್ ಆಚೆಗೆ ಕಳಿಸೋಕೆ ಆದೇಶ ಬರುತ್ತೆ, ಗೋಡೆ ಆಚೆಗೆ ಕಳಿಸೋಕೆ ಬರಲ್ಲ ಅಂದರೆ ಏನು ಹೇಳಲಿ? "ಮಕ್ಕಳೇ ಕೇಳಲ್ಲ, ಎಲ್ಲರಿಗೂ ಬಿಕಾಂ ಬೇಕು" ಅಂತಲೂ ಅಂದರು. ಇದೇ ಮಕ್ಕಳು ಡಿಗ್ರಿ ಮುಗಿಸಿ, ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು, ಕೆಎಎಸ್ ಕೋಚಿಂಗ್‌ಗೆ ದುಡ್ಡು ಸುರಿದು ಕಲಿಯೋದು ಏನು ಹೇಳಿ? ಇತಿಹಾಸ, ಭೂಗೋಳ!

2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ತಂದಾಗ ದೇಶದಲ್ಲಿ ನಾವೇ ಮೊದಲು ಅಂತ ಬೀಗಿದ್ದೆವು. ಓಪನ್ ಎಲೆಕ್ಟಿವ್ ಅಂತೆ, ಬೇಕಾದ್ದು ಆರಿಸಿಕೊಳ್ಳಬಹುದಂತೆ. ನಮ್ಮ ಕಡೆ ಆರಿಸಿದ್ದು ಮಕ್ಕಳಲ್ಲ, ಆ ಹೊತ್ತಿಗೆ ಯಾವ ಮೇಷ್ಟ್ರು ಖಾಲಿ ಇದ್ದಾರೆ ಅನ್ನೋದು. 2024ರಲ್ಲಿ ಅದನ್ನೂ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯಕ್ಕೆ ಬಂದೆವು. ಗೋಡೆ ಮಾತ್ರ ಅಲ್ಲೇ ಇದೆ.

ಮೈಸೂರಿನಲ್ಲಿ ಓದಿದವರು ನಗಬಹುದು. ಆರ್ಟ್ಸ್‌ಗೆ ಮಹಾರಾಜ, ಸೈನ್ಸ್‌ಗೆ ಯುವರಾಜ. ಎರಡೂ ಮೈಸೂರು ವಿಶ್ವವಿದ್ಯಾನಿಲಯದ್ದೇ, ನಡೆದು ಹೋಗುವಷ್ಟು ಹತ್ತಿರ. ಒಂದರಲ್ಲಿ ಇದ್ದದ್ದನ್ನೇ ಇನ್ನೊಂದರಲ್ಲೂ ಇಡಬೇಕು ಅಂತ ಹಟ ಹಿಡಿದಿದ್ದರೆ ಎರಡೂ ಅರೆಬರೆ ಆಗುತ್ತಿದ್ದವು.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಗೆಸ್ಟ್ ಆಗಿದ್ದಾಗ ಎರಡೂ ಕಾಲೇಜಿನ ಅರ್ಥಶಾಸ್ತ್ರ ಕ್ಲಾಸುಗಳನ್ನು ಸೇರಿಸೋ ಮಾತು ಒಮ್ಮೆ ಎದ್ದಿತ್ತು. ಅಡ್ಡ ನಿಂತವರಲ್ಲಿ ನಾನೂ ಒಬ್ಬಳು. ನನ್ನ ಗಂಟೆಗಳು ಹೋಗುತ್ತಿದ್ದವು, ಮನೆ ಬಾಡಿಗೆ ಕಟ್ಟಬೇಕಿತ್ತು. ಆ ಗೋಡೆಗೆ ನಾನೂ ಎರಡು ಇಟ್ಟಿಗೆ ಇಟ್ಟವಳೇ.

ಕೊನೆಗೆ ಹುಡುಗಿ ಮಹಿಳಾ ಕಾಲೇಜಿನಲ್ಲೇ ಭೂಗೋಳ ಅಂತ ಬರೆದು ಅರ್ಜಿ ಕೊಟ್ಟಳು. "ಮೇಷ್ಟ್ರು ಬರದಿದ್ದರೆ ಏನ್ ಚಿಕ್ಕಮ್ಮಾ?" ಅಂದಳು. ಸಂಜೆ ಆ ಸರ್ ನಂಬರ್ ಹುಡುಕಿ ಫೋನ್ ಮಾಡಿದೆ. ಹಿಂದೆ ಕಂಡಕ್ಟರ್ ಸೀಟಿ ಊದುತ್ತಿದ್ದ. ಎಲ್ಲ ಕೇಳಿಸಿಕೊಂಡು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಶುಕ್ರವಾರ, ಶನಿವಾರ ಇಲ್ಲೇ ಇರ್ತೀನಿ ಮೇಡಂ. ಎರಡು ಗಂಟೆ ಮೇಲೆ ಕಳಿಸಿ. ಯಾರಾದ್ರೂ ಕೇಳಿದ್ರೆ ಬೋಂಡಾಕ್ಕೆ ಬಂದೆ ಅನ್ನಲಿ" ಅಂದರು.