ಆಟದ ಮೂಲೆಯ ಫಲಕ ಯಾರ ಕಣ್ಣಿಗೆ?

ನಮ್ಮ ಎಲ್‌ಕೆಜಿ ತರಗತಿಯ ಗೋಡೆಯ ಮೇಲೆ ‘ಅಡುಗೆಮನೆ ಮೂಲೆ, ನಾಲ್ವರಿಗೆ ಮಾತ್ರ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದ ಫಲಕವನ್ನು ಕೆಲವು ವರ್ಷಗಳ ಹಿಂದೆ ನಾನೇ ತೂಗುಹಾಕಿದ್ದೆ. ಅದು ನನ್ನ ತಲೆಗಿಂತ ಎತ್ತರದಲ್ಲಿತ್ತು. ಅಕ್ಷರವೇ ತಿಳಿಯದ ನಾಲ್ಕು ವರ್ಷದ ಮಕ್ಕಳ ಪಾಲಿಗೆ ಅದು ಇದ್ದೂ ಇಲ್ಲದಂತಿತ್ತು. ಹತ್ತು ಮಕ್ಕಳು ಒಂದೇ ಚಾಪೆಗೆ ನುಗ್ಗಿ ಪುಟ್ಟ ಪಾತ್ರೆಗಳಿಗಾಗಿ ಎಳೆದಾಡುವಾಗ ‘ನೀನು ಹೊರಗೆ ಬಾ, ನೀನು ಆ ಕಡೆ ಹೋಗು’ ಎಂದು ದಿನವಿಡೀ ಹೇಳುವ ಕೆಲಸ ನನ್ನದೇ ಆಗಿತ್ತು.

ಆಮೇಲೆ ರಟ್ಟಿನ ಮೇಲೆ ನಾಲ್ಕು ಮಕ್ಕಳ ಚಿತ್ರ ಬರೆದು, ಪ್ರತಿ ಚಿತ್ರದ ಕೆಳಗೆ ಒಂದು ಕೊಕ್ಕೆ ಸಿಕ್ಕಿಸಿ, ಅದನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಪ್ರತಿ ಮಗುವೂ ತನಗೆ ಬೇಕಾದ ಗುರುತನ್ನು, ಅಂದರೆ ಗಿಳಿ, ಕೊಡೆ, ಮಾವಿನಕಾಯಿ ಹೀಗೆ ಒಂದನ್ನು, ಆರಿಸಿಕೊಂಡಿತು. ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಆ ಚಿತ್ರವನ್ನು ಅಂಟಿಸಿ, ಕೆಳಗೆ ಮಗುವಿನ ಹೆಸರು ಬರೆದೆವು. ಮೂಲೆಗೆ ಹೋಗುವಾಗ ಚೀಟಿ ತೂಗುಹಾಕಬೇಕು, ಹೊರಡುವಾಗ ತೆಗೆದುಕೊಳ್ಳಬೇಕು. ಕೊಕ್ಕೆ ಖಾಲಿ ಇಲ್ಲದಿದ್ದರೆ ಬೇರೆ ಮೂಲೆ ನೋಡಬೇಕು. ಮೊದಲ ವಾರವೇನೂ ಸುಗಮವಾಗಿರಲಿಲ್ಲ. ಕೆಲವರು ಚೀಟಿಯನ್ನು ಅಲ್ಲೇ ಮರೆತರು, ಕೆಲವರು ಜಾಗ ಹಿಡಿಯುವುದಕ್ಕೆಂದೇ ತೂಗುಹಾಕಿ ಬೇರೆಡೆ ಆಡಿದರು. ಆದರೆ ಆ ತಕರಾರುಗಳನ್ನು ವೃತ್ತವಾಗಿ ಕುಳಿತು ಮಕ್ಕಳೇ ಮಾತಾಡಿ ಬಗೆಹರಿಸಿಕೊಂಡರು. ಒಬ್ಬರಿಗೆ ಒಂದು ಕೊಕ್ಕೆ ಎಂಬ ಹೊಂದಾಣಿಕೆಯಲ್ಲಿ ಎಣಿಕೆಯ ಬೇರಿದೆ. ಗೆಳತಿಯ ಚೀಟಿಯಲ್ಲಿ ಗಿಳಿಯ ಕೆಳಗಿರುವ ಅಕ್ಷರಗಳನ್ನು ಗಮನಿಸುವುದರಲ್ಲಿ ಓದಿನ ಬೇರಿದೆ.

ನಮ್ಮ ರಾಜ್ಯಕ್ಕೆ ಇದು ಹೊಸ ವಿಚಾರವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮಗು ತನ್ನ ಕಾರ್ಡಿನ ಮೇಲಿನ ಚಿಹ್ನೆಯನ್ನು ನೋಡಿಕೊಂಡು, ಅದೇ ಚಿಹ್ನೆಯಿರುವ ತಟ್ಟೆಯ ಗುಂಪಿಗೆ ಯಾರನ್ನೂ ಕೇಳದೆ ಹೋಗಿ ಕೂರುತ್ತದೆ. ಓದು ಬರುವ ಮೊದಲೇ ಮಗು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬಲ್ಲದು ಎಂಬ ಆ ನಂಬಿಕೆಯನ್ನು ಮೂರರಿಂದ ಆರು ವರ್ಷದವರ ಆಟಕ್ಕೂ ನಾವು ಒಯ್ಯಬೇಕು ಎಂಬುದು ನನ್ನ ಆಗ್ರಹ.

ಆಟಕ್ಕೂ ಲೆಕ್ಕ ಹಾಕಬೇಕೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಚಾಪೆ ಚಿಕ್ಕದು, ಮರಳಿನ ತಟ್ಟೆಯ ಸುತ್ತ ಮೂವರಿಗಷ್ಟೇ ಕೈಯಾಡಿಸಲು ಸಾಧ್ಯ ಎಂಬಂತಹ ಕಾರಣವಿದ್ದಲ್ಲಿ ಮಾತ್ರ ಮಿತಿ ಬೇಕು. ಪುಸ್ತಕದ ಮೂಲೆಗೆ ನಾನು ಕೊಕ್ಕೆಗಳನ್ನೇ ಇಟ್ಟಿಲ್ಲ. ಕಾರಣವಿಲ್ಲದ ಸಂಖ್ಯೆ ಗದರಿಕೆಯ ಇನ್ನೊಂದು ರೂಪವಷ್ಟೇ. ಅಲ್ಲದೆ, ಫಲಕ ಶಿಕ್ಷಕಿಗೂ ಪಾಠ ಹೇಳುತ್ತದೆ: ಅಡುಗೆಮನೆಯ ಕೊಕ್ಕೆಗಳು ಸದಾ ತುಂಬಿರುತ್ತಿದ್ದುದನ್ನು ಕಂಡು ಇನ್ನೊಂದು ಚಾಪೆ ಹಾಸಿ, ಚಿತ್ರಗಳನ್ನು ಆರಕ್ಕೆ ಏರಿಸಿದೆವು.

ಕಪಾಟಿನ ಹಲಗೆಯ ಮೇಲೆ ಲೋಟ, ಸೌಟು, ಬಾಣಲೆಗಳ ಬಾಹ್ಯರೇಖೆಗಳನ್ನು ಬರೆದದ್ದು ಇನ್ನೂ ಹೆಚ್ಚು ಫಲ ಕೊಟ್ಟಿತು. ಯಾವುದನ್ನು ಎಲ್ಲಿಡಬೇಕೆಂದು ಈಗ ಯಾರೂ ಹೇಳಬೇಕಿಲ್ಲ. ‘ಮುಟ್ಟಬೇಡಿ’ ಎಂಬ ಫಲಕ ನಮ್ಮಲ್ಲಿ ಒಂದೂ ಇರಲಿಲ್ಲ. ಅಂಥದ್ದೊಂದನ್ನು ಕೇಳಿದವರು ಮಕ್ಕಳೇ. ಮರದ ತುಂಡುಗಳಿಂದ ಕೋಟೆ ಕಟ್ಟುತ್ತಿದ್ದ ಹುಡುಗನೊಬ್ಬ ಬಿಸಿಯೂಟದ ಹೊತ್ತಿಗೆ ಅದನ್ನು ಕೆಡವಲು ಒಪ್ಪದೆ ಅತ್ತ. ಅವನ ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದೆವು, ಅವನೇ ಕೆಂಪು ಬಣ್ಣ ತುಂಬಿ ಕೋಟೆಯ ಮುಂದೆ ನಿಲ್ಲಿಸಿದ. ಊಟ ಮುಗಿಸಿ ಬಂದವರು ಕೋಟೆಯನ್ನು ಮುಟ್ಟದೆ ಸುತ್ತುಹಾಕಿ ನಡೆದರು. ಸಂಜೆ ಆಯಾ ಕೂಡ ಕೋಟೆಯ ಸುತ್ತಲಷ್ಟೇ ಕಸ ಗುಡಿಸಿ ಹೋದರು, ಮರುದಿನ ಬೆಳಿಗ್ಗೆ ಅವನು ಬಂದು ಬಾಗಿಲು ಕಟ್ಟಿದ.