ಐದು ಬ್ಲೇಡಿನ ಸಂಭಾವಿತ

ಅದು ಟೂತ್‌ಪೇಸ್ಟ್ ಟ್ಯೂಬು. ಟ್ಯೂಬು ಅನ್ನುವುದಕ್ಕಿಂತ ಟ್ಯೂಬಿನ ಪಾರ್ಥಿವ ಶರೀರ ಅಂದರೆ ಸರಿ. ಎರಡು ವಾರದಿಂದ ಬುಡದಿಂದ ಸುರುಳಿ ಸುತ್ತಿ, ಬಾಚಣಿಗೆಯ ಬೆನ್ನಿನಿಂದ ಒತ್ತಿ, ಇನ್ನೆರಡು ದಿನಕ್ಕೆ ಆಗುವಷ್ಟು ಉಳಿಸಿಕೊಂಡು ಹೊರಟಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ಹೋಗಲ್ಲ ಸರ್. 150 ಇದೆ."

"ಒಳಗೆ ಹತ್ತು ಕೂಡ ಇಲ್ಲ ಮೇಡಂ. ಬೇಕಾದ್ರೆ ಒತ್ತಿ ನೋಡಿ."

"ಒಳಗೆ ಎಷ್ಟಿದೆ ಅಂತ ನಾವು ನೋಡೋ ಹಾಗಿಲ್ಲ ಸರ್. ಮೇಲೆ ಎಷ್ಟು ಬರೆದಿದೆ ಅಂತಷ್ಟೇ ನೋಡೋದು."

150 ಅಂದರೆ ಗ್ರಾಮೋ ಮಿಲಿಯೋ ಅಂತ ಕೂಡ ಅವರು ನೋಡಲಿಲ್ಲ. ನಾನೂ ಕೇಳಲಿಲ್ಲ. ಹಿಂದೆ ನಲವತ್ತು ಜನ ಬೆಲ್ಟ್ ಬಿಚ್ಚಿ ಪ್ಯಾಂಟ್ ಹಿಡಿದುಕೊಂಡು ನಿಂತಿರುವಾಗ ವಾದ ಮಾಡುವ ಧೈರ್ಯ ಯಾರಿಗಿದೆ?

ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಡಬ್ಬಿ ಒಯ್ಯುವಂತಿಲ್ಲ ಅನ್ನುವ ಈ ನಿಯಮದ ಕಥೆ ನಿಮಗೆ ಗೊತ್ತೇ ಇದೆ. 2006ರ ಆಗಸ್ಟಿನಲ್ಲಿ ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ವಿಮಾನ ಉಡಾಯಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಹಿಡಿದರು. ಸಂಚು ನಿಜ, ಹಿಡಿದದ್ದೂ ಒಳ್ಳೆಯದೇ. ಆವತ್ತಿನಿಂದ ಜಗತ್ತಿನ ಶಾಂಪೂ, ಪೇಸ್ಟು, ಶೇವಿಂಗ್ ಜೆಲ್ ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಕೈಕಟ್ಟಿ ಕೂತಿವೆ. ಅದಕ್ಕೂ ಮೊದಲು, 2001ರ ಡಿಸೆಂಬರಿನಲ್ಲಿ, ಒಬ್ಬ ಆಸಾಮಿ ಬೂಟಿನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಉಳಿದವರೆಲ್ಲ ಬೂಟು ಬಿಚ್ಚಿದೆವು. ಅಮೆರಿಕದವರು ಆ ನಿಯಮ ಕೈಬಿಟ್ಟದ್ದು 2025ರ ಜುಲೈನಲ್ಲಿ. ಅಷ್ಟರಲ್ಲಿ ಎಷ್ಟು ಕೋಟಿ ತೂತು ಬಿದ್ದ ಕಾಲುಚೀಲಗಳ ಮಾನ ಹೋಯಿತೋ! 2009ರ ಕ್ರಿಸ್‌ಮಸ್ ದಿನ ಇನ್ನೊಬ್ಬ ಒಳಚಡ್ಡಿಯಲ್ಲಿ ಬಾಂಬ್ ಹೊಲಿದುಕೊಂಡು ಹೋದ. ಆ ಸಲ ಅದೇ ತರ್ಕವನ್ನು ಮುಂದುವರಿಸದೆ ದೇಹದ ಸ್ಕ್ಯಾನರ್‌ಗಳನ್ನು ಹೆಚ್ಚಿಸಿ ಸುಮ್ಮನಾದರಲ್ಲ, ಅಧಿಕಾರಿಗಳಿಗೆ ದೊಡ್ಡ ನಮಸ್ಕಾರ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ. ಇಲ್ಲಿ ಹಾಕಿದ ಬಾಗಿಲನ್ನು ಆಮೇಲೆ ತೆಗೆಯಲು ಯಾರಿಗೂ ಅವಸರವೇ ಇಲ್ಲ.

ದ್ರವ ಅಂದರೆ ಏನು ಅನ್ನುವುದೂ ಒಂದು ಶಾಸ್ತ್ರವೇ. ಶಾಲೆಯಲ್ಲಿ ಘನ, ದ್ರವ, ಅನಿಲ ಅಂತ ಮೂರು ಕಲಿತಿದ್ದೆವು. ಇಲ್ಲಿ ಹಚ್ಚುವುದು, ಹಿಂಡುವುದು, ಸವರುವುದು ಎಲ್ಲ ದ್ರವ. ಪೀನಟ್ ಬಟರ್ ದ್ರವ ಅಂತ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಟಿಎಸ್‌ಎ ತೀರ್ಮಾನಿಸಿದೆ. ಕಡ್ಡಿಯ ಹಾಗಿರುವ ಡಿಯೋಡರೆಂಟ್ ಘನ, ಅದರ ಜೆಲ್ ತಮ್ಮ ದ್ರವ. ನೀರು ಒಯ್ಯುವಂತಿಲ್ಲ, ಆದರೆ ಕಲ್ಲಿನಂತೆ ಹೆಪ್ಪುಗಟ್ಟಿದ ಐಸ್ ಆದರೆ ಪರವಾಗಿಲ್ಲ. ಸಾಲಿನಲ್ಲಿ ನಿಂತು ನಿಂತು ಅದು ಕರಗಿ ತಳದಲ್ಲಿ ನೀರು ಸೇರಿತೋ, ಮತ್ತೆ 100 ಮಿಲಿ ಲೆಕ್ಕ. ಅಂದರೆ ಸಾಲು ಎಷ್ಟು ನಿಧಾನವೋ ನಿಮ್ಮ ಐಸ್ ಅಷ್ಟು ಅಪಾಯಕಾರಿ!

ನನಗೆ ತುಂಬಾ ಇಷ್ಟವಾದದ್ದು ಸ್ನೋ ಗ್ಲೋಬ್. ಗೊತ್ತಲ್ವಾ, ಅಲುಗಾಡಿಸಿದರೆ ಒಳಗಿನ ಪುಟ್ಟ ಮನೆಯ ಮೇಲೆ ಹಿಮ ಬೀಳುವ ಗಾಜಿನ ಗುಂಡು. ಅದರೊಳಗೆ ನೀರಿದೆ. ಎಷ್ಟು ನೀರು ಅಂತ ಅಳೆಯುವುದು ಹೇಗೆ? ಟೆನಿಸ್ ಚೆಂಡಿನಷ್ಟು ಗಾತ್ರವಿದ್ದರೆ ಕೈಚೀಲದಲ್ಲಿ ಬಿಡಬಹುದು ಅಂತ ಟಿಎಸ್‌ಎ ಗೆರೆ ಎಳೆದಿದೆ. ಯೋಚನೆ ಮಾಡಿ. ಯಾವುದೋ ಕಚೇರಿಯಲ್ಲಿ, ಉದ್ದನೆಯ ಮೇಜಿನ ಸುತ್ತ, ಟೈ ಕಟ್ಟಿದವರು ಕೂತು ಚರ್ಚೆ ಮಾಡಿರುತ್ತಾರೆ. ನಿಂಬೆಹಣ್ಣಿನಷ್ಟು ಅಂತ ಒಬ್ಬರು, ತೀರಾ ಚಿಕ್ಕದಾಯ್ತು ಅಂತ ಇನ್ನೊಬ್ಬರು. ಕಿತ್ತಳೆ ಅಂದಾಗ ಭದ್ರತೆಗೆ ಧಕ್ಕೆ ಅಂತ ಹಿರಿಯರೊಬ್ಬರು ಕನ್ನಡಕ ತೆಗೆದಿರುತ್ತಾರೆ. ಊಟದ ಹೊತ್ತಿಗೆ ಯಾರೋ ಟೆನಿಸ್ ಅಂದಿರಬೇಕು. ಆ ಸಭೆಯ ನಡಾವಳಿ ಸಿಕ್ಕಿದರೆ ನಾನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ.

ಆದರೆ ಗೆರೆ ಎಳೆದವರೇ ಬೇಕಾದಾಗ ಅಳಿಸುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಬಂತು ನೋಡಿ, ಅದೇ ಟಿಎಸ್‌ಎ 12 ಔನ್ಸ್, ಅಂದರೆ ಸುಮಾರು 355 ಮಿಲಿ ಸ್ಯಾನಿಟೈಜರ್ ಒಯ್ಯಬಹುದು ಅಂದಿತು. ಸ್ಯಾನಿಟೈಜರ್ ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಬೆಂಕಿ ಹತ್ತುವ ಆಲ್ಕೋಹಾಲ್. ಆಗ ಅದು ಹೋಗಬಹುದಿತ್ತು, ಹಲ್ಲುಜ್ಜುವ ಪೇಸ್ಟ್ ಹೋಗುವ ಹಾಗಿರಲಿಲ್ಲ. ಈಗ ಹೊಸ ಸ್ಕ್ಯಾನರ್ ಬಂದ ಕೆಲವು ಕಡೆ ದೊಡ್ಡ ಬಾಟಲಿಯನ್ನೂ ಬಿಡುತ್ತಿದ್ದಾರೆ. ಹೋಗುವಾಗ ಸಾಧುವಾಗಿದ್ದ ಶಾಂಪೂ ಬರುವಾಗ ಬಾಂಬ್ ಆಗಬಹುದು. ಬ್ರಿಟನ್ನಿನಲ್ಲಿ 2024ರ ಜೂನ್‌ನಲ್ಲಿ, ಯುರೋಪಿನಲ್ಲಿ ಅದೇ ಸೆಪ್ಟೆಂಬರಿನಲ್ಲಿ, ಸಡಿಲ ಮಾಡಿದ್ದ ನಿಲ್ದಾಣಗಳಿಗೂ ಮತ್ತೆ 100 ಮಿಲಿ ತಂದು ಕೂರಿಸಿದರು. ಶಾಂಪೂ ಪಾಪ, ತಾನು ಯಾರು ಅಂತ ತನಗೇ ಗೊತ್ತಿಲ್ಲದೆ ಒದ್ದಾಡುತ್ತಿದೆ.

ಇನ್ನು ನನ್ನ ರೇಜರ್. ನಾನು ಹಳೇ ಕಾಲದವನು. ಎರಡೂ ಕಡೆ ಅಂಚಿರುವ ಒಂಟಿ ಬ್ಲೇಡ್ ಹಾಕುವ ಸ್ಟೀಲ್ ರೇಜರ್ ನನ್ನದು. ಇದನ್ನು ಜಿಲೆಟ್ 1903ರಲ್ಲಿ ಮಾರಲು ಶುರು ಮಾಡಿದಾಗ ಇಡೀ ವರ್ಷ ಹೋದದ್ದು 51 ರೇಜರ್, 168 ಬ್ಲೇಡ್. ಕತ್ತು ಕೊಯ್ಯುವ ಉದ್ದ ಕತ್ತಿಯಿಂದ ಗಂಡಸರನ್ನು ಕಾಪಾಡುತ್ತದೆ ಅಂತಲೇ ಇದಕ್ಕೆ ಸೇಫ್ಟಿ ರೇಜರ್ ಅಂತ ಹೆಸರು. ನೂರಿಪ್ಪತ್ತು ವರ್ಷದಿಂದ ಹೆಸರಲ್ಲೇ ಸೇಫ್ಟಿ ಇಟ್ಟುಕೊಂಡಿರುವುದನ್ನು ಸೇಫ್ಟಿಯ ಕಾರಣಕ್ಕೆ ಕೈಚೀಲದಲ್ಲಿ ಬಿಡುವುದಿಲ್ಲ. ಹಿಡಿ ಹೋಗಬಹುದು, ಬ್ಲೇಡ್ ಹೋಗಬಾರದು.

ಪಕ್ಕದ ಟ್ರೇಯಲ್ಲಿ ಒಬ್ಬ ಹುಡುಗನ ಪ್ಲಾಸ್ಟಿಕ್ ಹಿಡಿಯ ರೇಜರ್ ಆರಾಮಾಗಿ ಮಲಗಿತ್ತು. ಬ್ಲೇಡುಗಳನ್ನು ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಕಾರ್ಟ್ರಿಡ್ಜ್ ಅಲ್ವಾ, ಬಹುತೇಕ ಕಡೆ ಬಿಡುತ್ತಾರೆ. ಅದರಲ್ಲಿ ಐದು ಬ್ಲೇಡ್. ಐದೂ ನನ್ನದಕ್ಕಿಂತ ಹೊಸವು. ಒಂದು ಬ್ಲೇಡ್ ಇಟ್ಟುಕೊಂಡವನು ಶಂಕಿತ, ಐದು ಇಟ್ಟುಕೊಂಡವನು ಸಂಭಾವಿತ. ಪ್ಲಾಸ್ಟಿಕ್ಕಿನೊಳಗೆ ಸೇರಿಸಿದರೆ ಕಿತ್ತು ತೆಗೆಯುವುದು ಕಷ್ಟ, ಅದಕ್ಕೇ ಬಿಡುತ್ತಾರೆ ಅನ್ನುವ ವಿವರಣೆ ಇದೆ. ಒಪ್ಪೋಣ. ಆದರೆ 6 ಸೆಂಟಿಮೀಟರ್ ಒಳಗಿನ ಅಲಗಿನ ಕತ್ತರಿ ಯುರೋಪಿನಲ್ಲಿ ಹೋಗುತ್ತದೆ, ಅಷ್ಟೇ ಉದ್ದದ ಚಾಕುವೂ ಹೋಗುತ್ತದೆ. ಚಾಕುವನ್ನು ಯಾವ ಪ್ಲಾಸ್ಟಿಕ್ಕಿನಿಂದ ಕೀಳಬೇಕಾಗಿತ್ತು ಸ್ವಾಮಿ? ಅಮೆರಿಕದಲ್ಲೂ 2013ರಲ್ಲಿ ಸಣ್ಣ ಚಾಕು ಬಿಡೋಣ ಅಂತ ಹೊರಟರು. ಗಗನಸಖಿಯರು ತಿರುಗಿಬಿದ್ದರು, ಮೂರೇ ತಿಂಗಳಲ್ಲಿ ಕೈಬಿಟ್ಟರು. ಇಕ್ಕಟ್ಟಿನ ದಾರಿಯಲ್ಲಿ ಕುಡಿದವರನ್ನು ಸಂಭಾಳಿಸುವವರು ಅವರು. ಅವರ ಮಾತಿಗೆ ನಾನು ನಗುವುದಿಲ್ಲ.

ಸರಿ, ಬ್ಲೇಡ್ ಬೇಕಂದರೆ ದೊಡ್ಡ ಬ್ಯಾಗನ್ನು ಚೆಕ್‌ಇನ್ ಮಾಡಬೇಕು. ಮಾಡಿದೆ. ಕೌಂಟರಿನಲ್ಲಿ ಪವರ್ ಬ್ಯಾಂಕ್ ಇದೆಯಾ ಅಂದರು. ಇದೆ ಅಂದೆ. ಅದು ಈ ಬ್ಯಾಗಿನಲ್ಲಿ ಹೋಗುವಂತಿಲ್ಲ, ಕೈಯಲ್ಲೇ ಇರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ಸರಿ, ಮೇಲಿದ್ದರೆ ಕಂಪನಿಯ ಅನುಮತಿ, 160 ದಾಟಿದರೆ ಇಲ್ಲವೇ ಇಲ್ಲ. ಪವರ್ ಬ್ಯಾಂಕ್ ಮೇಲೆ ಬರೆದಿರುವುದು ಮಿಲಿಆಂಪ್-ಅವರ್‌ನಲ್ಲಿ. 20000ವನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಅಂತ ನಾನು ಅಲ್ಲೇ ಲೆಕ್ಕ ಮಾಡಿ ತೋರಿಸಬೇಕಾಯಿತು. ಈ ನಿಯಮ ಮಾತ್ರ ಸರಿಯಾದದ್ದು. ಲಿಥಿಯಂ ಬ್ಯಾಟರಿಗೆ ಕ್ಯಾಬಿನ್ನಿನಲ್ಲಿ ಬೆಂಕಿ ಹತ್ತಿದರೆ ಯಾರಾದರೂ ನೋಡುತ್ತಾರೆ, ನೀರು ಸುರಿಯುತ್ತಾರೆ. ಕೆಳಗೆ, ಸಾಮಾನು ತುಂಬುವ ಕಡೆ ಹತ್ತಿದರೆ ಗೊತ್ತಾಗುವುದೇ ತಡವಾಗಿ. ಒಟ್ಟಿನಲ್ಲಿ ಬ್ಲೇಡ್ ಕೆಳಗೆ, ಬ್ಯಾಟರಿ ಮೇಲೆ. ನಾನು ಇಬ್ಬರು ಹೆಂಡಿರ ಗಂಡನ ಹಾಗೆ ಮಧ್ಯೆ ಓಡಾಡುತ್ತಾ ನೆಲದ ಮೇಲೆ ಬ್ಯಾಗ್ ಬಿಚ್ಚಿ ಕೂತೆ.

ಇಳಿದ ಮೇಲೆ ಬ್ಯಾಗ್ ಬರಲಿಲ್ಲ. ಬೆಲ್ಟ್ ಸುತ್ತಿತು, ಸುತ್ತಿತು, ನಿಂತಿತು. ಒಂದು ತೆಳು ಬ್ಲೇಡಿಗಾಗಿ ಚೆಕ್‌ಇನ್ ಮಾಡಿದ ಬ್ಯಾಗ್ ನನಗಿಂತ ನಾಲ್ಕು ದಿನ ತಡವಾಗಿ ಬಂತು. ಅದೂ ನಾನು ವಾಪಸ್ ಹೊರಡುವ ದಿನ. ಅಷ್ಟರಲ್ಲಿ ಗಡ್ಡ ಬಂದಿತ್ತು. ನರೆತ, ಅಲ್ಲಲ್ಲಿ ತೇಪೆ ಹಾಕಿದಂಥ ಗಡ್ಡ.

ತಪಾಸಣೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. "ರ್‍ಯಾಂಡಮ್ ಚೆಕ್ ಸರ್." ಅಲ್ಲಿ ಮೊದಲೇ ಮೂವರು ನಿಂತಿದ್ದರು. ಮೂವರಿಗೂ ಗಡ್ಡ. ನನ್ನದು ನಾಲ್ಕು ದಿನದ್ದು, ಅವರದು ಹುಟ್ಟಿನಿಂದ ಬಂದ ಹೆಸರಿನ ಜೊತೆಗಿನ ಗಡ್ಡ. ಅವರಲ್ಲಿ ಒಬ್ಬ ಹುಡುಗ ಯಾರೂ ಕೇಳುವ ಮೊದಲೇ ಬೂಟು ಬಿಚ್ಚಿ, ಜೇಬು ಹೊರಗೆಳೆದು, ಕೈ ಅಗಲಿಸಿ ನಿಂತಿದ್ದ. ಅಭ್ಯಾಸ ಆಗಿಹೋಗಿದೆ ಅವನಿಗೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. 2015ರಲ್ಲಿ ಅಮೆರಿಕದ ಸರಕಾರದವರೇ ಮಾರುವೇಷದಲ್ಲಿ ನಕಲಿ ಬಾಂಬು, ಆಯುಧ ಒಯ್ದು ಪರೀಕ್ಷೆ ಮಾಡಿದಾಗ 70 ಸಲದಲ್ಲಿ 67 ಸಲ ಒಳಗೆ ಹೋದವು ಅಂತ ವರದಿಯಾಗಿತ್ತು. ಬಾಂಬ್ ಕಾಣುವುದಿಲ್ಲ, ಈ ಹುಡುಗ ಮಾತ್ರ ಪ್ರತಿ ಸಲ ಕಾಣುತ್ತಾನೆ. ಇದಕ್ಕೆ ರ್‍ಯಾಂಡಮ್ ಅಂತ ಹೆಸರಿಟ್ಟವರಿಗೆ ನಾಚಿಕೆಯಾಗಬೇಕು.

ನನ್ನ ಸರದಿ ಬಂತು. ಅಧಿಕಾರಿ ಪಾಸ್‌ಪೋರ್ಟಿನ ನುಣ್ಣನೆಯ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೊ ನೋಡಿದರು.

"ಗಡ್ಡ ಯಾಕೆ ಬಿಟ್ಟಿದ್ದೀರಾ?"

"ಬ್ಲೇಡ್ ಕೆಳಗಿದೆ ಸರ್," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಚೀಲ ಪೂರ್ತಿ ಬಿಚ್ಚಿಸಿದರು.